ರಿಮೋಟ್ ಸಾಕೆಟ್‌ಗೆ ಹಾಕಿದ ಮೆಷಿನ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಗ್ಯಾರೇಜಿನಲ್ಲೋ ಹಿತ್ತಲ ಶೆಡ್ಡಿನಲ್ಲೋ ಮರಗೆಲಸ ಮಾಡುವವರಿಗೆ ರಿಮೋಟ್ ಸಾಕೆಟ್, ಅಂದರೆ ಗೋಡೆಯ ಪಾಯಿಂಟ್‌ಗೂ ಮೆಷಿನ್‌ಗೂ ನಡುವೆ ಹಾಕಿ ರಿಮೋಟ್ ಇಲ್ಲವೇ ಮೊಬೈಲ್‌ನಿಂದ ಆನ್–ಆಫ್ ಮಾಡುವ ಸಾಕೆಟ್, ನಿಜಕ್ಕೂ ಉಪಕಾರಿ. ಧೂಳು ಎಳೆಯುವ ಮೆಷಿನ್ ಒಂದು ಮೂಲೆಯಲ್ಲಿರುತ್ತದೆ, ಗರಗಸ ಇನ್ನೊಂದು ಮೂಲೆಯಲ್ಲಿ. ಒಂದೊಂದು ತುಂಡು ಕೊಯ್ಯುವಾಗಲೂ ಅಲ್ಲಿಗೆ ಹೋಗಿ ಸ್ವಿಚ್ ಹಾಕಿ ಬರಲು ಯಾರಿಗೂ ಮನಸ್ಸಾಗುವುದಿಲ್ಲ. ‘ಒಂದೇ ಕಟ್ ಅಲ್ವಾ’ ಅಂದುಕೊಂಡು ಹಾಗೇ ಕೊಯ್ಯುತ್ತೇವೆ, ಸಣ್ಣ ಧೂಳೆಲ್ಲ ಎದೆಗೆ ಹೋಗುತ್ತದೆ. ಜೇಬಿನಲ್ಲಿ ರಿಮೋಟ್ ಇದ್ದರೆ ಆ ನೆಪ ಉಳಿಯುವುದಿಲ್ಲ.

ಆದರೆ ಈ ಸಾಕೆಟ್‌ಗಳು ಕೈಕೊಡುವುದೂ ಜಾಸ್ತಿ. ಗೆಳೆಯರು ತಂದು ತೋರಿಸಿದ ಕೆಟ್ಟ ಸಾಕೆಟ್‌ಗಳಲ್ಲಿ ಹೆಚ್ಚಿನವುಗಳ ಹಿಂದೆ ಇದ್ದ ಕಾರಣ ಒಂದೇ. ಸಾಕೆಟ್ ಮೇಲೆ ‘16 ಆಂಪ್ಸ್’ ಅಂತ ಅಚ್ಚಾಗಿರುವುದನ್ನು ಮೋಟಾರಿಗೂ ಸೇರಿಸಿ ಓದಿಕೊಂಡಿರುತ್ತಾರೆ. ಆ ಅಂಕಿ ಇರುವುದು ಗೀಸರ್, ಇಸ್ತ್ರಿ ಪೆಟ್ಟಿಗೆಯಂಥ ಬಿಸಿ ಮಾಡುವ ವಸ್ತುಗಳಿಗೆ. ಅವು ಆನ್ ಮಾಡಿದ ಕ್ಷಣದಿಂದ ಆಫ್ ಮಾಡುವವರೆಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದ ಕರೆಂಟ್ ಎಳೆಯುತ್ತವೆ. ಮೋಟಾರ್ ಹಾಗಲ್ಲ. ಸಿಂಗಲ್ ಫೇಸ್‌ನ 2 ಎಚ್‌ಪಿ ಮೋಟಾರ್ ಓಡುವಾಗ 11ರಿಂದ 13 ಆಂಪ್ಸ್ ಎಳೆದರೆ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಅಂದರೆ 60–70 ಆಂಪ್ಸ್ ದಾಟಬಹುದು. ಕೆಟ್ಟು ನಿಂತ ಕಾರನ್ನು ತಳ್ಳುವಾಗ ಮೊದಲ ನೂಕಿಗೆ ಬೇಕಾಗುವ ಬಲವನ್ನು ನೆನೆಸಿಕೊಳ್ಳಿ. ಸಾಕೆಟ್‌ನ ಒಳಗಿರುವ ಪುಟ್ಟ ರಿಲೇ (ಸಂದೇಶ ಬಂದಾಗ ಕರೆಂಟ್ ಕೂಡಿಸುವ, ಕಡಿಯುವ ಸ್ವಿಚ್) ಪ್ರತಿ ಸಲವೂ ಆ ಮೊದಲ ನೂಕನ್ನು ಹೊರಬೇಕು.

ಇನ್ನೊಂದು ವಿಷಯ. ಧೂಳಿನ ಮೆಷಿನ್, ವ್ಯಾಕ್ಯೂಮ್, ಗಾಳಿ ಸೋಸುವ ಫ್ಯಾನ್, ದೀಪ, ಇಷ್ಟನ್ನೇ ರಿಮೋಟ್‌ಗೆ ಹಾಕಿ. ಟೇಬಲ್ ಗರಗಸ, ಪ್ಲೇನರ್, ಗ್ರೈಂಡರ್, ಡ್ರಿಲ್ ಮೆಷಿನ್, ಒಟ್ಟಿನಲ್ಲಿ ಬೆರಳು ಕತ್ತರಿಸಬಲ್ಲ ಯಾವುದನ್ನೂ ದೂರದಿಂದ ಆನ್ ಮಾಡುವ ಹಾಗೆ ಇಡಬೇಡಿ. ಏರ್ ಕಂಪ್ರೆಸರ್ ಕೂಡ ಬೇಡ. ಅದರ ಕಾರಣ ಮುಂದೆ ಬರುತ್ತದೆ.

## ಕೈ ಹಾಕುವ ಮುಂಚೆ

ರಿಮೋಟ್‌ನಲ್ಲಿ ಆಫ್ ಮಾಡಿದರೆ ಮೆಷಿನ್ ನಿಲ್ಲುತ್ತದೆ, ಅಷ್ಟೆ. ಕರೆಂಟ್ ತಪ್ಪಿದೆ ಎಂದು ಅದರ ಅರ್ಥವಲ್ಲ. ಹೆಚ್ಚಿನ ಸಾಕೆಟ್‌ಗಳು ಒಂದೇ ತಂತಿಯನ್ನು ಕಡಿಯುತ್ತವೆ. ಗೋಡೆಯ ಪಾಯಿಂಟ್‌ನಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೆ ಆಫ್ ಆದ ಮೇಲೂ ಮೆಷಿನ್ ಒಳಗೆ ಫೇಸ್ ಇರುತ್ತದೆ. ಬ್ಲೇಡ್ ಬದಲಿಸುವಾಗ, ಪೈಪಿನಲ್ಲಿ ಸಿಕ್ಕಿದ ಹೊಟ್ಟು ತೆಗೆಯುವಾಗ ಪ್ಲಗ್ಗನ್ನೇ ಕಿತ್ತು, ಕಣ್ಣಿಗೆ ಕಾಣುವ ಜಾಗದಲ್ಲಿ ಇಟ್ಟುಕೊಳ್ಳಿ.

ಸಾಕೆಟ್ ಬಿಚ್ಚಿ ನೋಡುವ ಆಸೆ ಬೇಡ. ಅಗ್ಗದ ಸಾಕೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಬೋರ್ಡಿನ ಪ್ರತಿ ಭಾಗವೂ ನೇರ 230 ವೋಲ್ಟ್‌ಗೆ ಅಂಟಿಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ (ಕರೆಂಟ್ ಕೂಡಿಟ್ಟುಕೊಳ್ಳುವ ಭಾಗ) ಶಾಕ್ ಹೊಡೆಯಬಹುದು. ಇಲ್ಲಿ ಹೇಳಿರುವ ಪರೀಕ್ಷೆಗಳಲ್ಲಿ ನೀವು ಮಾಡುವ ಯಾವುದಕ್ಕೂ ಸಾಕೆಟ್ ಬಿಚ್ಚಬೇಕಿಲ್ಲ. ಬೇಕಾಗುವುದು ಒಂದು ಇಸ್ತ್ರಿ ಪೆಟ್ಟಿಗೆ, ಹೊಸ ಬ್ಯಾಟರಿ, ಆಮೇಲೆ ನಿಮ್ಮ ಕಿವಿ, ಮೂಗು.

## ರಿಮೋಟ್ ಒತ್ತಿದರೆ ಏನೂ ಆಗುವುದಿಲ್ಲ, ‘ಟಕ್’ ಸದ್ದೂ ಇಲ್ಲ

ಮೊದಲು ಬ್ಯಾಟರಿ. ಗುಂಡಿ ಇರುವ ಚಿಕ್ಕ ರಿಮೋಟ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್‌ನ ಪುಟ್ಟ ಬ್ಯಾಟರಿ ಇರುತ್ತದೆ, 23ಎ ಅಥವಾ 27ಎ ಅಂತ ಬರೆದಿರುತ್ತದೆ. ಎರಡೂ ಒಂದೇ ಅಲ್ಲ, ಗಾತ್ರ ಬೇರೆ. ಹಳೆಯದನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ತೋರಿಸಿ. ರಿಮೋಟ್‌ನ ಕೆಂಪು ದೀಪ ಹೊತ್ತಿತು ಅಂತ ಬ್ಯಾಟರಿ ಚೆನ್ನಾಗಿದೆ ಎನ್ನುವಂತಿಲ್ಲ. ದೀಪ ಹೊತ್ತಿಸಲು ಸಾಕಾಗುವ ಬ್ಯಾಟರಿ ಸಿಗ್ನಲ್ ಕಳಿಸಲು ಸಾಕಾಗದೇ ಇರಬಹುದು. ಸಾಕೆಟ್ ಪಕ್ಕದಲ್ಲೇ ನಿಂತು ಒತ್ತಿ. ಹತ್ತಿರದಿಂದ ಕೆಲಸ ಮಾಡಿ ದೂರದಿಂದ ಮಾಡದಿದ್ದರೆ ಬ್ಯಾಟರಿ ಇಲ್ಲವೇ ಅಡ್ಡ.

ಅಡ್ಡ ಎಂದರೆ ಕಬ್ಬಿಣ. ತಗಡಿನ ಶೀಟ್ ಹೊದಿಸಿದ ಶೆಡ್, ಸ್ಟೀಲ್ ಬೀರು, ಗರಗಸದ ಎರಕದ ಕಬ್ಬಿಣದ ಮೇಜು, ಇವೆಲ್ಲ ಸಿಗ್ನಲ್ ತಡೆಯುತ್ತವೆ. ಧೂಳಿನ ಮೆಷಿನ್‌ನ ತಗಡಿನ ಡ್ರಮ್ ಹಿಂದೆ ಸಾಕೆಟ್ ಅಡಗಿದ್ದರೂ ಅಷ್ಟೆ. ಅದನ್ನು ಡ್ರಮ್‌ನಿಂದ ಎರಡಡಿ ಈಚೆಗೆ ತಂದರೆ ಎಷ್ಟೋ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ವೈಫೈ ಸಾಕೆಟ್ ಆದರೆ ಲೆಕ್ಕ ಬೇರೆ. ಇವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್ ಅವಕ್ಕೆ ಕಾಣುವುದೇ ಇಲ್ಲ. ರೂಟರ್ ಬದಲಿಸಿದ್ದೀರಾ, ವೈಫೈ ಹೆಸರು ಅಥವಾ ಪಾಸ್‌ವರ್ಡ್ ಬದಲಾಗಿದೆಯಾ ನೋಡಿ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಎದ್ದು ನಿಲ್ಲಲು ಒಂದೆರಡು ನಿಮಿಷ ಬೇಕು, ಅಲ್ಲಿಯವರೆಗೆ ಸಾಕೆಟ್ ಸುಮ್ನೆ ಕೂತಿರುತ್ತದೆ.

ಕೊನೆಗೆ, ಸಾಕೆಟ್ ರಿಮೋಟ್‌ನ ಕೋಡ್ ಮರೆತಿರಬಹುದು. ಸಾಕೆಟ್ ಮೇಲಿನ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿದು, ಆಮೇಲೆ ರಿಮೋಟ್‌ನ ಆನ್ ಗುಂಡಿ ಒತ್ತಿದರೆ ಹೆಚ್ಚಿನವು ಮತ್ತೆ ಕಲಿಯುತ್ತವೆ. ಸಾಕೆಟ್ ಮೇಲಿನ ಗುಂಡಿಗೂ ಜಗ್ಗದಿದ್ದರೆ ಅದನ್ನು ಬೇರೆ ಪಾಯಿಂಟ್‌ಗೆ ಹಾಕಿ ನೋಡಿ. ಅಲ್ಲೂ ಸುಮ್ಮನಿದ್ದರೆ ಸಾಕೆಟ್ ಸತ್ತಿದೆ.

ಇವುಗಳ ನಡುವೆ ಒಂದು ವಿಚಿತ್ರ ಸ್ಥಿತಿ ಇದೆ. ದೀಪ ಮಂಕಾಗಿ ಹೊತ್ತುತ್ತದೆ, ‘ಟಕ್’ ಬದಲು ‘ಟಿಕ್ ಟಿಕ್ ಟಿಕ್’ ಎಂಬ ಸಣ್ಣ ಸದ್ದು. ಒಳಗಿನ ಕೆಪಾಸಿಟರ್ ವರ್ಷಗಳು ಕಳೆದ ಹಾಗೆ ಸೊರಗಿ, ರಿಲೇ ಎಳೆದು ಹಿಡಿಯುವಷ್ಟು ಶಕ್ತಿ ಕೊಡಲಾಗದೆ ಹೀಗಾಗುತ್ತದೆ. ಮೋಟಾರ್ ಹಾಕಿ ಪರೀಕ್ಷಿಸುವುದಕ್ಕೆ ಹೋಗದೆ ಸಾಕೆಟ್ ಬದಲಿಸಿ. ಅರೆಬರೆ ಹಿಡಿಯುವ ರಿಲೇ ಕಿಡಿ ಹಾರಿಸುತ್ತದೆ.

## ‘ಟಕ್’ ಅನ್ನುತ್ತದೆ, ದೀಪ ಹೊತ್ತುತ್ತದೆ, ಮೆಷಿನ್ ಮಾತ್ರ ಓಡುವುದಿಲ್ಲ

ಮೆಷಿನ್ ತೆಗೆದು ಇಸ್ತ್ರಿ ಪೆಟ್ಟಿಗೆ ಹಾಕಿ. ಅದು ಬಿಸಿಯಾದರೆ ಸಾಕೆಟ್ ಸರಿ ಇದೆ, ದೋಷ ಮೆಷಿನ್ ಕಡೆ. ಬಿಸಿಯಾಗದಿದ್ದರೆ ರಿಲೇಯ ಕಾಂಟ್ಯಾಕ್ಟ್ (ಕರೆಂಟ್ ದಾಟಲು ಒಂದಕ್ಕೊಂದು ಕೂಡುವ ಲೋಹದ ತುದಿ) ಸುಟ್ಟು ಕರಿ ಹಿಡಿದಿದೆ. ಸದ್ದು ಬರುತ್ತದೆ, ಕರೆಂಟ್ ದಾಟುವುದಿಲ್ಲ. ಎಲ್‌ಇಡಿ ಬಲ್ಬ್ ಹಾಕಿ ಈ ಪರೀಕ್ಷೆ ಮಾಡಬೇಡಿ. ಅದು ತೀರ ಕಡಿಮೆ ಕರೆಂಟ್‌ಗೂ ಹೊತ್ತಿಕೊಂಡು ದಾರಿ ತಪ್ಪಿಸುತ್ತದೆ.

ಮೆಷಿನ್ ಕಡೆ ಎಂದಾದರೆ ತಕ್ಷಣ ಹೆದರಬೇಡಿ. ಒಳ್ಳೆಯ ಮೆಷಿನ್‌ಗಳಲ್ಲಿ ಹಸಿರು–ಕೆಂಪು ಗುಂಡಿಯ ಸ್ವಿಚ್ ಇರುತ್ತದೆ. ಕರೆಂಟ್ ಹೋದ ತಕ್ಷಣ ಅದು ಬಿಟ್ಟುಕೊಳ್ಳುತ್ತದೆ, ಕರೆಂಟ್ ಬಂದರೂ ಹಸಿರು ಗುಂಡಿ ಮತ್ತೆ ಒತ್ತುವವರೆಗೆ ಮೋಟಾರ್ ಏಳುವುದಿಲ್ಲ. ಹೊಸ ಕೈ ಮೆಷಿನ್‌ಗಳಲ್ಲಿ ಕೆಲವಕ್ಕೆ ಇದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ. ಸ್ವಿಚ್ ಆನ್ ಇಟ್ಟು ಕರೆಂಟ್ ಕೊಟ್ಟರೆ ಏಳುವುದಿಲ್ಲ, ಒಮ್ಮೆ ಬಿಟ್ಟು ಮತ್ತೆ ಒತ್ತಬೇಕು. ಇಂಥ ಮೆಷಿನ್ ರಿಮೋಟ್‌ಗೆ ಓಗೊಡದಿದ್ದರೆ ಅದು ದೋಷ ಅಲ್ಲ. ತನಗೆ ಹೇಳಿದ ಕೆಲಸವನ್ನು ಸರಿಯಾಗಿ ಮಾಡುತ್ತಿದೆ.

ಈ ಸ್ವಿಚ್ಚನ್ನು ತೆಗೆದುಹಾಕಿ ನೇರ ಕನೆಕ್ಷನ್ ಕೊಟ್ಟುಬಿಡಿ ಅಂತ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ನಮ್ಮಲ್ಲಿ ಕರೆಂಟ್ ಹೇಳದೆ ಹೋಗಿ ಹೇಳದೆ ಬರುತ್ತದೆ. ಕತ್ತಲಲ್ಲಿ ಗರಗಸದ ಮೇಜಿನ ಮೇಲೆ ಕೈ ಆಡಿಸುತ್ತಿರುವಾಗ ಕರೆಂಟ್ ಬಂದರೆ ಆ ಸ್ವಿಚ್ ಒಂದೇ ನಿಮ್ಮ ಕೈ ಉಳಿಸುವುದು.

## ಆಫ್ ಒತ್ತಿದರೂ ಮೆಷಿನ್ ನಿಲ್ಲುವುದಿಲ್ಲ

ಎಲ್ಲಕ್ಕಿಂತ ಅಪಾಯದ ಲಕ್ಷಣ ಇದು. ಮೋಟಾರಿನ ವಿಷಯದಲ್ಲಿ ಹೆಚ್ಚಾಗಿ ಕಾಣುವುದೂ ಇದೇ.

ಮೊದಲ ಕೆಲಸ ರಿಮೋಟನ್ನು ಮತ್ತೆ ಮತ್ತೆ ಒತ್ತುವುದಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿ, ಅದು ಕೈಗೆ ಸಿಗದಿದ್ದರೆ ಮೇನ್ ಬೋರ್ಡಿನ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್) ಇಳಿಸಿ. ಓಡುತ್ತಿರುವ ಮೆಷಿನ್‌ನ ಪ್ಲಗ್ ಎಳೆಯಬೇಡಿ, ಪಿನ್ನಿನಲ್ಲಿ ಕಿಡಿ ಹಾರುತ್ತದೆ.

ಈಗ ಮೆಷಿನ್ ತೆಗೆದು, ಇಸ್ತ್ರಿ ಪೆಟ್ಟಿಗೆ ಹಾಕಿ, ಸಾಕೆಟ್ ಆಫ್ ಸ್ಥಿತಿಯಲ್ಲಿ ಇರುವಾಗ ಗೋಡೆಯ ಸ್ವಿಚ್ ಹಾಕಿ. ಇಸ್ತ್ರಿ ಬಿಸಿಯಾದರೆ ರಿಲೇ ಅಂಟಿಕೊಂಡಿದೆ. ಬಿಸಿಯಾಗದಿದ್ದರೆ ಸಾಕೆಟ್‌ಗೆ ಆಫ್ ಸಂದೇಶ ತಲುಪದೇ ಇದ್ದಿರಬಹುದು, ಬ್ಯಾಟರಿ ಮತ್ತು ಸಿಗ್ನಲ್ ವಿಭಾಗಕ್ಕೆ ಹಿಂತಿರುಗಿ.

ರಿಲೇ ಅಂಟಿಕೊಳ್ಳುವುದು ಹೇಗೆ? ಸತ್ತ ಸಾಕೆಟ್‌ನ ರಿಲೇಯನ್ನು ಕೊಯ್ದು ನೋಡಿದರೆ ಅರ್ಥವಾಗುತ್ತದೆ. ಒಳಗೆ ತೆಳುವಾದ ತಾಮ್ರದ ಪಟ್ಟಿ, ಅದರ ತುದಿಯಲ್ಲಿ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಬೆಳ್ಳಿ ಮಿಶ್ರಲೋಹದ ಚುಕ್ಕಿ. ಎದುರಿಗೆ ಅಂಥದ್ದೇ ಇನ್ನೊಂದು. ಹೊಸದರಲ್ಲಿ ಎರಡೂ ನುಣ್ಣಗೆ ಹೊಳೆಯುತ್ತವೆ. ಕೆಟ್ಟದ್ದರಲ್ಲಿ ಒಂದು ಚುಕ್ಕಿಯಲ್ಲಿ ಗುಳಿ, ಇನ್ನೊಂದರಲ್ಲಿ ದಿಬ್ಬ, ಸುತ್ತ ಮಸಿ, ನಡುವೆ ಎರಡನ್ನೂ ಹಿಡಿದಿಟ್ಟ ಕರಗಿದ ಲೋಹ. ರಿಲೇ ಆನ್ ಆಗುವಾಗ ಈ ಚುಕ್ಕಿಗಳು ಒಮ್ಮೆಗೇ ಕೂಡುವುದಿಲ್ಲ. ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ. ಮೋಟಾರ್ ಅತಿ ಹೆಚ್ಚು ಕರೆಂಟ್ ಎಳೆಯುವುದೂ ಸರಿಯಾಗಿ ಅದೇ ಹೊತ್ತಿನಲ್ಲಿ. ಪುಟಿದಾಗೆಲ್ಲ ಕಿಡಿ, ಕಿಡಿಗೆ ಲೋಹ ಕರಗುತ್ತದೆ, ಮರುಕ್ಷಣ ಚುಕ್ಕಿಗಳು ಒತ್ತಿಕೊಂಡು ಆರುತ್ತವೆ. ಬೆಸುಗೆ ಹಾಕಿದ ಹಾಗಾಯಿತು.

ಇಲ್ಲೊಂದು ಸೂಕ್ಷ್ಮ ಇದೆ. ಅದೇ ಎಚ್‌ಪಿಯ ಗರಗಸಕ್ಕಿಂತ ಧೂಳಿನ ಮೆಷಿನ್ ರಿಲೇಗೆ ಹೆಚ್ಚು ಕಷ್ಟ ಕೊಡಬಹುದು. ಗರಗಸದ ಬ್ಲೇಡ್ ಹಗುರ, ಬೇಗ ವೇಗ ಹಿಡಿಯುತ್ತದೆ. ಧೂಳಿನ ಮೆಷಿನ್‌ನ ಉಕ್ಕಿನ ಫ್ಯಾನ್ ದೊಡ್ಡದು, ಭಾರ. ಅದು ಪೂರ್ತಿ ವೇಗಕ್ಕೆ ಬರಲು ಕೆಲವು ಸೆಕೆಂಡ್ ಬೇಕು, ಅಷ್ಟೂ ಹೊತ್ತು ಹೆಚ್ಚಿನ ಕರೆಂಟ್ ಹರಿಯುತ್ತಿರುತ್ತದೆ.

ಕೆಲವೊಮ್ಮೆ ಸಾಕೆಟ್‌ಗೆ ಮೆಲ್ಲಗೆ ತಟ್ಟಿದರೆ ಅಂಟಿದ ರಿಲೇ ಬಿಟ್ಟುಕೊಂಡು ಮೆಷಿನ್ ನಿಲ್ಲುತ್ತದೆ. ‘ಸರಿ ಹೋಯ್ತು’ ಅಂತ ಮತ್ತೆ ಬಳಸುವವರೇ ಜಾಸ್ತಿ. ಅದು ಸರಿ ಹೋಗಿರುವುದಿಲ್ಲ. ಗುಳಿ ಬಿದ್ದ ಚುಕ್ಕಿ ಇನ್ನೂ ಬೇಗ ಅಂಟುತ್ತದೆ. ಒಮ್ಮೆ ಅಂಟಿದ ಸಾಕೆಟ್ ಮೋಟಾರಿಗೆ ಮುಗಿಯಿತು. ಮತ್ತೆ ಅಂಥದ್ದೇ ಸಾಕೆಟ್ ತಂದರೂ ಅದೇ ಕಥೆ. ಇದಕ್ಕೆ ಇರುವ ಶಾಶ್ವತ ಪರಿಹಾರ ಕೊನೆಯ ವಿಭಾಗದಲ್ಲಿದೆ.

ಆಫ್ ಮಾಡಿದ ಮೇಲೆ ಸಾಕೆಟ್‌ಗೆ ಹಾಕಿದ ಎಲ್‌ಇಡಿ ಬಲ್ಬ್ ಮಾತ್ರ ಮಂಕಾಗಿ ಹೊಳೆಯುತ್ತಿದ್ದರೆ ಗಾಬರಿ ಬೇಡ. ಕಿಡಿ ತಗ್ಗಿಸಲು ರಿಲೇಗೆ ಅಡ್ಡಲಾಗಿ ಹಾಕಿದ ಕೆಪಾಸಿಟರ್ ಮೂಲಕ ಅಷ್ಟು ಕರೆಂಟ್ ಸೋರಬಹುದು.

## ಮೋಟಾರ್ ‘ಗುಂಯ್’ ಅನ್ನುತ್ತದೆ, ತಿರುಗುವುದಿಲ್ಲ

ಎರಡು ಮೂರು ಸೆಕೆಂಡಿಗಿಂತ ಜಾಸ್ತಿ ಬಿಡಬೇಡಿ. ತಿರುಗದ ಮೋಟಾರ್ ಶುರುವಿನ ಕರೆಂಟನ್ನೇ ಎಳೆಯುತ್ತಾ ಇರುತ್ತದೆ, ವೈಂಡಿಂಗ್ (ಒಳಗಿನ ತಂತಿ ಸುತ್ತು) ಬೇಗ ಸುಡುತ್ತದೆ.

ಪ್ಲಗ್ ಕಿತ್ತು ಫ್ಯಾನನ್ನು ಒಂದು ಕೋಲಿನಿಂದ ತಿರುಗಿಸಿ ನೋಡಿ. ಮರದ ಚೂರು ಸಿಕ್ಕಿಕೊಂಡಿರಬಹುದು, ಬೇರಿಂಗ್ ಹಿಡಿದಿರಬಹುದು. ಸರಾಗವಾಗಿ ತಿರುಗಿದರೆ ಮೆಷಿನನ್ನು ರಿಮೋಟ್ ಸಾಕೆಟ್ ಬಿಟ್ಟು ನೇರ ಗೋಡೆಯ 16 ಆಂಪ್ಸ್ ಪಾಯಿಂಟ್‌ಗೆ ಹಾಕಿ. ಅಲ್ಲಿ ಓಡಿದರೆ ನಡುವೆ ಎಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ ಎಂದರ್ಥ.

ಕಳೆದುಹೋಗುವ ಜಾಗ ಹೆಚ್ಚಾಗಿ ಎಕ್ಸ್‌ಟೆನ್ಶನ್ ವೈರ್. ಲೆಕ್ಕ ನೋಡಿ. 0.75 ಚದರ ಮಿಲಿಮೀಟರ್‌ನ ತೆಳು ವೈರ್ 20 ಮೀಟರ್ ಇದ್ದರೆ, ಹೋಗಿ ಬರುವ ದಾರಿ 40 ಮೀಟರ್, ಅದರ ಪ್ರತಿರೋಧ ಸುಮಾರು 1 ಓಮ್. ಓಡುವಾಗ 10 ಆಂಪ್ಸ್‌ಗೆ 10 ವೋಲ್ಟ್ ಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಶುರುವಾಗುವಾಗ 50 ಆಂಪ್ಸ್‌ಗೆ 50 ವೋಲ್ಟ್ ಹೋಗುತ್ತದೆ. 230 ಇದ್ದದ್ದು 180ಕ್ಕೆ ಇಳಿಯುತ್ತದೆ. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಉಳಿಯುವುದು ಸುಮಾರು ಶೇ. 60 ಬಲ ಮಾತ್ರ. ಭಾರದ ಫ್ಯಾನ್ ಏಳುವುದಿಲ್ಲ. 2.5 ಚದರ ಮಿಲಿಮೀಟರ್ ವೈರ್ ಹಾಕಿ, ಸಾಧ್ಯವಾದಷ್ಟು ಗಿಡ್ಡ ಇರಲಿ. ರೀಲಿಗೆ ಸುತ್ತಿದ ವೈರ್ ಆದರೆ ಪೂರ್ತಿ ಬಿಚ್ಚಿ ಹರಡಿ, ಸುತ್ತಿದ ಹಾಗೆ ಬಳಸಿದರೆ ಅದು ಬೇಯುತ್ತದೆ.

ನೇರ ಹಾಕಿದರೂ ‘ಗುಂಯ್’ ಅಂದರೆ ಕೆಪಾಸಿಟರ್ ಮೇಲೆ ಅನುಮಾನ. ಮೋಟಾರಿನ ಬೆನ್ನ ಮೇಲೆ ಉಬ್ಬಿದ ಡಬ್ಬಿ ಇದೆಯಲ್ಲ, ಅದೇ. ಹೊಟ್ಟೆ ಊದಿದ್ದರೆ, ಎಣ್ಣೆ ಜಿನುಗಿದ್ದರೆ ಖಾತ್ರಿ. ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ಯಾವ ವೈಂಡಿಂಗ್ ಅಂಗಡಿಯಲ್ಲೂ ಅದೇ ಮೈಕ್ರೋಫ್ಯಾರಡ್‌ನ ಹೊಸದು ಹಾಕಿಕೊಡುತ್ತಾರೆ. ರಿಮೋಟ್ ಸಿಕ್ಕಿತು ಅಂತ ನಿಮಿಷಕ್ಕೊಮ್ಮೆ ಆನ್–ಆಫ್ ಮಾಡಿದರೆ ಈ ಕೆಪಾಸಿಟರ್ ಬೇಗ ಹೋಗುತ್ತದೆ. ನಾಲ್ಕೈದು ತುಂಡು ಕೊಯ್ಯುವುದಿದ್ದರೆ ಧೂಳಿನ ಮೆಷಿನ್ ಓಡುತ್ತಲೇ ಇರಲಿ.

ಸಂಜೆ ಹೊತ್ತು ಮಾತ್ರ ಹೀಗಾದರೆ, ಮನೆಯ ದೀಪವೂ ಮಂಕಾದರೆ, ಲೈನಿನಲ್ಲೇ ವೋಲ್ಟೇಜ್ ಇಲ್ಲ. ವಿದ್ಯುತ್ ಕಂಪನಿಯ ದೂರು ಸಂಖ್ಯೆ 1912ಕ್ಕೆ ಫೋನ್ ಮಾಡಿ ದೂರು ಬರೆಸಿ. ವೋಲ್ಟೇಜ್ ಸರಿಯಾಗುವವರೆಗೆ ಮೆಷಿನ್ ಹಾಕಬೇಡಿ.

ಕಂಪ್ರೆಸರ್ ವಿಷಯ ಹೇಳುತ್ತೇನೆ ಅಂದಿದ್ದೆ. ಟ್ಯಾಂಕ್ ತುಂಬಿ ಕಂಪ್ರೆಸರ್ ತಾನಾಗಿ ನಿಂತಾಗ ‘ಚುಸ್’ ಅಂತ ಒಂದು ಸದ್ದು ಬರುತ್ತದಲ್ಲ? ಪಂಪಿನ ತಲೆಯಲ್ಲಿ ಉಳಿದ ಗಾಳಿಯನ್ನು ಪ್ರೆಷರ್ ಸ್ವಿಚ್ ಹೊರಬಿಡುವ ಸದ್ದು ಅದು. ರಿಮೋಟ್‌ನಲ್ಲಿ ನಡುವೆ ಕರೆಂಟ್ ಕಡಿದರೆ ಪ್ರೆಷರ್ ಸ್ವಿಚ್‌ಗೆ ಗೊತ್ತೇ ಆಗುವುದಿಲ್ಲ, ಗಾಳಿ ಹೊರಹೋಗುವುದಿಲ್ಲ. ಮುಂದಿನ ಸಲ ಮೋಟಾರ್ ಆ ಒತ್ತಡಕ್ಕೆ ಎದುರಾಗಿ ಏಳಬೇಕು. ‘ಗುಂಯ್’ ಅಂದು ನಿಲ್ಲುತ್ತದೆ, ಇಲ್ಲವೇ ಎಂಸಿಬಿ ಬೀಳುತ್ತದೆ. ಕಂಪ್ರೆಸರನ್ನು ಅದರದ್ದೇ ಗುಂಡಿಯಿಂದ ನಿಲ್ಲಿಸಿ.

## ಎಂಸಿಬಿ ಅಥವಾ ಆರ್‌ಸಿಸಿಬಿ ಬೀಳುತ್ತದೆ

ಯಾವುದು ಬಿತ್ತು ಎಂದು ಮೊದಲು ನೋಡಿ. ‘ಟಿ’ ಅಥವಾ ‘ಟೆಸ್ಟ್’ ಎಂಬ ಗುಂಡಿ ಇರುವುದು ಆರ್‌ಸಿಸಿಬಿ, ಅದು ಸೋರಿಕೆ ಹಿಡಿಯುತ್ತದೆ. ಗುಂಡಿ ಇಲ್ಲದ ಚಿಕ್ಕದು ಎಂಸಿಬಿ, ಅದು ಹೆಚ್ಚಿನ ಕರೆಂಟ್ ಹಿಡಿಯುತ್ತದೆ.

ಎಂಸಿಬಿ ಆನ್ ಮಾಡಿದ ಕ್ಷಣಕ್ಕೇ ಬಿದ್ದರೆ, ಕೆಲವೊಮ್ಮೆ ಮಾತ್ರ ಬಿದ್ದರೆ, ಅದರ ಮುಖದ ಮೇಲಿನ ಅಕ್ಷರ ಓದಿ. ಬಿ ಎಂದಿದ್ದರೆ ಬರೆದಿರುವ ಆಂಪ್ಸ್‌ನ 3ರಿಂದ 5 ಪಟ್ಟಿಗೆ ಕೂಡಲೇ ಬೀಳುತ್ತದೆ. ಸಿ ಆದರೆ 5ರಿಂದ 10 ಪಟ್ಟು, ಡಿ ಆದರೆ 10ರಿಂದ 20 ಪಟ್ಟು. ಬಿ16 ಎಂಸಿಬಿಗೆ 2 ಎಚ್‌ಪಿ ಮೋಟಾರಿನ ಮೊದಲ ನೂಕು ತಡೆಯುವುದು ಕಷ್ಟ. ಸಿ ಹಾಕಿದರೆ ಸಾಕಾಗುತ್ತದೆ, ಡಿ ಬೇಕೇ ಎಂಬುದನ್ನು ಎಲೆಕ್ಟ್ರಿಷಿಯನ್ ಅರ್ಥಿಂಗ್ ಅಳೆದು ಹೇಳಬೇಕು. 16 ತೆಗೆದು 32 ಹಾಕುವುದು ಪರಿಹಾರ ಅಲ್ಲ. ಎಂಸಿಬಿ ಬೀಳುವುದು ನಿಲ್ಲುತ್ತದೆ, ಗೋಡೆಯೊಳಗಿನ ವೈರ್ ಸುಡುತ್ತದೆ.

ಹತ್ತಿಪ್ಪತ್ತು ನಿಮಿಷ ಓಡಿ ಬಿದ್ದರೆ ಹೊರೆ ಜಾಸ್ತಿ. ಧೂಳಿನ ಮೆಷಿನ್‌ನಲ್ಲಿ ಹಲವರಿಗೆ ಗೊತ್ತಿಲ್ಲದ ಒಂದು ಗುಣವಿದೆ. ಪೈಪ್ ಮುಚ್ಚಿದರೆ ಮೋಟಾರಿಗೆ ಭಾರ ಎಂದು ತೋರುತ್ತದೆ, ನಿಜಕ್ಕೂ ಆಗ ಅದು ಕಡಿಮೆ ಕರೆಂಟ್ ಎಳೆಯುತ್ತದೆ. ಪೈಪ್ ಪೂರ್ತಿ ಕಳಚಿ ಬಾಯಿ ತೆರೆದು ಓಡಿಸಿದಾಗಲೇ ಹೆಚ್ಚು ಗಾಳಿ ತಳ್ಳಬೇಕಾಗಿ ಹೆಚ್ಚು ಆಂಪ್ಸ್ ಎಳೆಯುತ್ತದೆ. ಪೈಪ್ ಕಳಚಿಟ್ಟಿದ್ದೀರಾ ನೋಡಿ.

ಆರ್‌ಸಿಸಿಬಿ ಬಿದ್ದರೆ ಎಲ್ಲೋ ಸೋರಿಕೆ ಇದೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 30 ಮಿಲಿಆಂಪ್ಸ್ ಮಟ್ಟದ ಸೋರಿಕೆಗೆ ಬೀಳುವ ಆರ್‌ಸಿಸಿಬಿ. ರಿಮೋಟ್ ಸಾಕೆಟ್ ತೆಗೆದು ಮೆಷಿನ್ ನೇರ ಹಾಕಿ. ಮತ್ತೆ ಬಿದ್ದರೆ ಮೆಷಿನ್‌ನದ್ದೇ ತೊಂದರೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಪೂರ್ತಿ ಸುಮ್ನೆ ನಿಂತ ಮೋಟಾರಿನೊಳಗೆ ಮರದ ಪುಡಿ ತೇವ ಹೀರಿ ವೈಂಡಿಂಗ್‌ಗೆ ಅಂಟಿಕೊಂಡಿರುತ್ತದೆ. ಬ್ಲೋಯರ್‌ನಲ್ಲಿ ಊದಿಸಿ, ಒಂದೆರಡು ದಿನ ಒಣಗಲು ಬಿಡಿ. ಆಮೇಲೂ ಬಿದ್ದರೆ ವೈಂಡಿಂಗ್ ಅಂಗಡಿಯಲ್ಲಿ ಮೆಗ್ಗರ್ (ಸೋರಿಕೆ ಪರೀಕ್ಷಿಸುವ ಮೀಟರ್) ಹಾಕಿಸಿ. ಮೆಷಿನ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡುವವರೆಗೆ ಮುಟ್ಟಬೇಡಿ. ಆರ್‌ಸಿಸಿಬಿಯನ್ನು ತಪ್ಪಿಸಿ ಲೈನ್ ಕೊಡಲು ಯಾರು ಹೇಳಿದರೂ ಒಪ್ಪಬೇಡಿ.

## ಸಾಕೆಟ್ ಬಿಸಿ, ಸುಟ್ಟ ವಾಸನೆ

ಇಲ್ಲಿ ಪರೀಕ್ಷೆ ಏನೂ ಇಲ್ಲ. ಎಂಸಿಬಿ ಇಳಿಸಿ, ಆರಲು ಬಿಡಿ, ಆಮೇಲೆ ಪ್ಲಗ್ ಕಿತ್ತು ಪಿನ್ ನೋಡಿ. ಚೆನ್ನಾಗಿರುವ ಪಿನ್ ಹಿತ್ತಾಳೆ ಬಣ್ಣ. ಒಂದು ಪಿನ್ ಮಾತ್ರ ಕಂದಾಗಿ, ಅದರ ಬುಡದ ಪ್ಲಾಸ್ಟಿಕ್ ಮೆತ್ತಗಾಗಿ ಒಂದು ಕಡೆ ವಾಲಿದ್ದರೆ ಆ ತೂತಿನ ಹಿಡಿತ ಸಡಿಲ. ಪ್ಲಗ್, ಸಾಕೆಟ್ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಎಲ್ಲ ಬಗೆಯ ಪಿನ್ನೂ ಹಿಡಿಯುವ ತೂತಿನ ಸಾಕೆಟ್‌ಗಳಲ್ಲಿ ಈ ತೊಂದರೆ ಜಾಸ್ತಿ. 16 ಆಂಪ್ಸ್‌ನ ದಪ್ಪ ಪಿನ್ನಿಗೆ ಕನ್ವರ್ಟರ್ ಹಾಕಿ 6 ಆಂಪ್ಸ್ ಪಾಯಿಂಟ್‌ಗೆ ಚುಚ್ಚಿದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ.

ನಯವಾದ ಮರದ ಪುಡಿ ಬಿಸಿ ಪಿನ್ನಿನ ಸುತ್ತ ಕೂತರೆ ಬೆಂಕಿ ಹತ್ತಿಕೊಳ್ಳಬಹುದು. ಸಾಕೆಟ್ ನೆಲದ ಮೇಲೆ ಮಲಗಿರದೆ ಗೋಡೆಯಲ್ಲಿ ಎತ್ತರಕ್ಕೆ ಇರಲಿ.

## ತಾನಾಗಿಯೇ ಆನ್ ಆಗುತ್ತದೆ

ಯಾವಾಗ ಆನ್ ಆಯಿತು ಎಂದು ಗಮನಿಸಿ. ಕರೆಂಟ್ ಹೋಗಿ ಬಂದಾಗ ಆದರೆ ಅದು ಸಾಕೆಟ್‌ನ ಸೆಟ್ಟಿಂಗ್. ವೈಫೈ ಸಾಕೆಟ್‌ನ ಆ್ಯಪ್‌ನಲ್ಲಿ ಕರೆಂಟ್ ಬಂದ ಮೇಲೆ ಏನಾಗಬೇಕು ಎಂಬ ಆಯ್ಕೆ ಹೆಚ್ಚಾಗಿ ಇರುತ್ತದೆ. ಆನ್, ಆಫ್, ಹಿಂದಿನ ಸ್ಥಿತಿ ಎಂಬ ಮೂರರಲ್ಲಿ ‘ಆಫ್’ ಆರಿಸಿ. ಆಯ್ಕೆಯೇ ಇಲ್ಲದ, ಬಂದ ಕೂಡಲೇ ಆನ್ ಆಗುವ ಸಾಕೆಟ್ ವರ್ಕ್‌ಶಾಪಿಗೆ ಬೇಡವೇ ಬೇಡ. ದಿನಾ ಒಂದೇ ಹೊತ್ತಿಗೆ ಆನ್ ಆದರೆ ಆ್ಯಪ್‌ನಲ್ಲಿ ಹಳೆಯ ಟೈಮರ್ ಉಳಿದಿದೆ.

ಹೊತ್ತುಗೊತ್ತಿಲ್ಲದೆ ಆದರೆ ಪಕ್ಕದ ಮನೆಯ ರಿಮೋಟ್ ಇರಬಹುದು. ಗುಂಡಿ ರಿಮೋಟ್‌ಗಳು ಬಹುಪಾಲು 433 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ವೈರ್ ಇಲ್ಲದ ಕಾಲಿಂಗ್ ಬೆಲ್, ಗೇಟಿನ ರಿಮೋಟ್ ಎಷ್ಟೋ ಇದೇ ಗುಂಪು. ಹಳೆಯ ಮಾದರಿಗಳಲ್ಲಿ ಕೋಡ್‌ಗಳು ಕೆಲವೇ ಇರುವುದರಿಂದ ಇಬ್ಬರದ್ದೂ ಒಂದೇ ಆಗಬಹುದು. ರಿಮೋಟ್‌ನ ಒಳಗೆ ಪುಟ್ಟ ಸ್ವಿಚ್‌ಗಳ ಸಾಲು ಇದ್ದರೆ ಕೋಡ್ ಬದಲಿಸಿ. ಇಲ್ಲದಿದ್ದರೆ ಹಳೆಯದನ್ನು ಅಳಿಸಿ ಬೇರೆ ಗುಂಡಿಗೆ ಕಲಿಸಿ. ಜೇಬಿನಲ್ಲಿ ಕೀ ಗೊಂಚಲಿನ ಜೊತೆ ರಿಮೋಟ್ ಇದ್ದು, ಬಗ್ಗಿದಾಗ ಗುಂಡಿ ಒತ್ತಿಹೋಗುವುದೂ ಇದೆ.

## ಓಡುತ್ತಾ ಓಡುತ್ತಾ ಆಫ್ ಆಗುತ್ತದೆ

ಗರಗಸ ಹಾಕಿದ ಕ್ಷಣದಲ್ಲೇ ಧೂಳಿನ ಮೆಷಿನ್ ನಿಂತರೆ ಎರಡೂ ಒಂದೇ ಲೈನಿನಲ್ಲಿವೆ, ವೋಲ್ಟೇಜ್ ಕುಸಿದು ಸಾಕೆಟ್‌ನ ಚಿಪ್ ಮರುಶುರುವಾಗುತ್ತಿದೆ. ಬೇರೆ ಬೇರೆ ಸರ್ಕ್ಯೂಟ್‌ಗೆ ಹಾಕಿ. ಕಾರ್ಬನ್ ಬ್ರಷ್ ಇರುವ ಕೈ ಮೆಷಿನ್ ಬಳಸುವಾಗ ಮಾತ್ರ ಆದರೆ ಬ್ರಷ್ ಸವೆದು ಕಿಡಿ ಹೆಚ್ಚಾಗಿದೆ, ಆ ಕಿಡಿಯ ಗದ್ದಲ ಸಾಕೆಟನ್ನು ಕಂಗೆಡಿಸುತ್ತಿದೆ. ಬ್ರಷ್ ಬದಲಿಸಿ. ಮೋಟಾರ್ ಕೈ ಇಡಲಾಗದಷ್ಟು ಬಿಸಿಯಾಗಿ ನಿಂತು, ಆರಿದ ಮೇಲೆ ಮತ್ತೆ ಓಡಿದರೆ ಮೋಟಾರಿನ ಓವರ್‌ಲೋಡ್ (ಹೊರೆ ಹೆಚ್ಚಾದರೆ ಮೋಟಾರ್ ನಿಲ್ಲಿಸುವ ಸ್ವಿಚ್) ತನ್ನ ಕೆಲಸ ಮಾಡಿದೆ, ಸಾಕೆಟ್ ತಪ್ಪಿಲ್ಲ.

## ಮತ್ತೆ ಮತ್ತೆ ಕೆಡದಂತೆ: ಕಾಂಟ್ಯಾಕ್ಟರ್

ಪಂಪ್‌ಸೆಟ್ ಇರುವ ರೈತರಿಗೆ ಇದು ಹೊಸದಲ್ಲ. ಮೊಬೈಲ್‌ನಿಂದ ಮೋಟಾರ್ ಹಾಕುವ ಸ್ಟಾರ್ಟರ್ ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ. ಅದರೊಳಗಿನ ಮೊಬೈಲ್ ಬೋರ್ಡ್ ಪಂಪಿನ ಕರೆಂಟನ್ನು ಹೊರುವುದಿಲ್ಲ. ಸ್ಟಾರ್ಟರ್‌ನಲ್ಲಿ ಕಾಂಟ್ಯಾಕ್ಟರ್, ಅಂದರೆ ಮೋಟಾರಿನ ಕರೆಂಟ್ ಹೊರಲೆಂದೇ ಮಾಡಿದ ದೊಡ್ಡ ರಿಲೇ, ಇರುತ್ತದೆ. ಬೋರ್ಡ್ ಅದರ ಕಾಯಿಲ್‌ಗೆ (ಅದನ್ನು ಎಳೆದು ಹಿಡಿಯುವ ತಂತಿ ಸುರುಳಿಗೆ) ಸಂದೇಶ ಕೊಡುತ್ತದೆ, ಭಾರವನ್ನು ಕಾಂಟ್ಯಾಕ್ಟರ್ ಹೊರುತ್ತದೆ. ವರ್ಕ್‌ಶಾಪಿನಲ್ಲೂ ಇದೇ ಮಾಡಬೇಕು. ರಿಮೋಟ್ ಸಾಕೆಟ್ ಕಾಯಿಲ್‌ಗೆ, ಮೋಟಾರ್ ಕಾಂಟ್ಯಾಕ್ಟರ್‌ಗೆ. ಕಾಯಿಲ್ ಎಳೆಯುವ ಕರೆಂಟ್ ತೀರ ಕಡಿಮೆ, ರಿಲೇ ವರ್ಷಗಟ್ಟಲೆ ಬಾಳುತ್ತದೆ.

ಅರ್ಧ ಎಚ್‌ಪಿಯ ಒಳಗಿನ ಮೆಷಿನ್‌ಗೆ ಇಷ್ಟೆಲ್ಲ ಬೇಡ, ಒಳ್ಳೆಯ 16 ಆಂಪ್ಸ್ ಸಾಕೆಟ್ ಸಾಕು. 1 ಎಚ್‌ಪಿ ಮತ್ತು ಮೇಲಿನದಕ್ಕೆ ಕಾಂಟ್ಯಾಕ್ಟರ್ ಹಾಕಿಸಿಯೇ ಬಿಡಿ.

ಇದು ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ. ಹೀಗೆ ಕೇಳಿ: ಕಾಯಿಲ್ 230 ವೋಲ್ಟ್ ಎಸಿ. ಮೋಟಾರಿನ ತಟ್ಟೆಯ ಮೇಲಿನ ಆಂಪ್ಸ್‌ಗಿಂತ ಹೆಚ್ಚಿನ ಎಸಿ-3 ಅಂಕಿಯ ಕಾಂಟ್ಯಾಕ್ಟರ್. ಎಸಿ-3 ಮೋಟಾರಿಗೆ, ಎಸಿ-1 ಹೀಟರಿಗೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವುದು ಕೆಲವೊಮ್ಮೆ ಎಸಿ-1 ಅಂಕಿ, ಮೋಸ ಹೋಗಬೇಡಿ. 12 ಆಂಪ್ಸ್ ಮೋಟಾರಿಗೆ 18 ಆಂಪ್ಸ್ ಎಸಿ-3 ಸರಿಹೊಂದುತ್ತದೆ. ಜೊತೆಗೆ ಮೋಟಾರಿನ ಆಂಪ್ಸ್‌ಗೆ ಹೊಂದಿಸಿದ ಓವರ್‌ಲೋಡ್ ರಿಲೇ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಾಂಟ್ಯಾಕ್ಟರ್ ಕಡಿಯಲಿ, ಅರ್ಥ್ ಮಾತ್ರ ಎಲ್ಲೂ ಕಡಿಯದೆ ನೇರ ಹೋಗಲಿ. ಕಾಯಿಲ್ ಬಿಟ್ಟುಕೊಳ್ಳುವಾಗ ಏಳುವ ಗದ್ದಲ ರಿಮೋಟ್ ಸಾಕೆಟನ್ನು ಕೆಣಕದಂತೆ ಕಾಯಿಲ್‌ಗೆ ಅಡ್ಡ ಒಂದು ಸರ್ಜ್ ಸಪ್ರೆಸರ್. ಇಷ್ಟನ್ನೂ ಧೂಳು ಒಳಹೋಗದ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ, ಪೆಟ್ಟಿಗೆಯ ಮುಖಕ್ಕೆ ದೊಡ್ಡ ಕೆಂಪು ನಿಲ್ಲಿಸುವ ಗುಂಡಿ. ರಿಮೋಟ್ ಕಳೆದುಹೋದರೂ ಕೈಗೆ ಸಿಗುವುದು ಅದೇ.

ಎಲ್ಲ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಮೆಷಿನ್ ಓಡುತ್ತಿರುವಾಗ ಮೇನ್ ಇಳಿಸಿ. ಫ್ಯಾನ್ ಪೂರ್ತಿ ನಿಂತ ಮೇಲೆ ಮೇನ್ ಏರಿಸಿ. ಮೆಷಿನ್ ಸುಮ್ಮನೆ ಇರಬೇಕು. ಎದ್ದರೆ ಸಾಕೆಟ್‌ನ ಸೆಟ್ಟಿಂಗ್ ಬದಲಿಸಿ, ಅದಾಗದಿದ್ದರೆ ಬೇರೆ ಸಾಕೆಟ್ ಹಾಕಿ, ಮೇನ್ ಇಳಿಸಿ ಏರಿಸಿ ಇನ್ನೊಮ್ಮೆ ನೋಡಿ.